ಹವಳದ ಒತ್ತುವರಿ

ನನ್ನ ಜಾತಕದಲ್ಲಿ ಕುಜದೋಷ ಇದೆ ಎಂದು ಊರಿನ ಜೋಯಿಸರು ಪತ್ತೆ ಹಚ್ಚಿದ್ದು ನಾನು ಪಿಯುಸಿಯಲ್ಲಿದ್ದಾಗ. ಬಲಗೈ ಉಂಗುರ ಬೆರಳಿಗೆ ಹವಳ ಹಾಕಿಸಿ, ಎಲ್ಲ ಸರಿಹೋಗುತ್ತದೆ ಎಂದಿದ್ದರು. ಅಮ್ಮ ಹವಳದ ರೇಟು ವಿಚಾರಿಸಿಕೊಂಡು ಬಂದು, ಇದಕ್ಕಿಂತ ದೋಷವೇ ವಾಸಿ ಎಂದು ಸುಮ್ಮನಾದಳು. ಇಪ್ಪತ್ತೈದು ವರ್ಷ ಕಳೆದ ಮೇಲೆ ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ, ಒಂದು ರಾತ್ರಿ ಹನ್ನೊಂದು ಗಂಟೆಗೆ, ನಾನು ಕೊನೆಗೂ ಹವಳ ಧರಿಸಿದೆ. ಉಂಗುರ ಬೆರಳಿಗಲ್ಲ, ಹೆಬ್ಬೆರಳಿಗೆ. ಚಿನ್ನದಲ್ಲಿ ಕಟ್ಟಿಸಿದ್ದಲ್ಲ, ಸೂಪರ್‌ಗ್ಲೂನಲ್ಲಿ ಅಂಟಿಕೊಂಡಿದ್ದು. ಸಾಲದ್ದಕ್ಕೆ ಆ ಹವಳಕ್ಕೆ ಜೀವವಿತ್ತು.

ಹೊನ್ನಾವರದ ಹತ್ತಿರ ಹುಟ್ಟಿದವನು ನಾನು. ಮಳೆಗಾಲದ ರಾತ್ರಿ ಸಮುದ್ರದ ಮೊರೆತ ಮನೆಯೊಳಗೇ ಕೇಳುತ್ತಿತ್ತು. ಆದರೆ ಹದಿನೆಂಟು ವರ್ಷ ಆ ಸಮುದ್ರದಿಂದ ನಾನು ಪಡೆದ ಉಪಯೋಗವೆಂದರೆ ಕಾಲೇಜಿಗೆ ಚಕ್ಕರ್ ಹೊಡೆದಾಗ ಹೋಗಿ ಕೂರಲು ಒಂದು ಜಾಗ, ಅಷ್ಟೆ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ನೀರಿನಡಿ ಹವಳ ಇದೆ ಎಂದು ನನಗೆ ತಿಳಿದದ್ದೂ ಅಮೆರಿಕಕ್ಕೆ ಬಂದಮೇಲೆ, ಯೂಟ್ಯೂಬಿನಲ್ಲಿ. ಈಗ ಅದೇ ಸಮುದ್ರವನ್ನು 150 ಲೀಟರಿನ ಗಾಜಿನ ತೊಟ್ಟಿಯಲ್ಲಿ ಕೈಯಾರೆ ತಯಾರಿಸುತ್ತೇನೆ. ನಲ್ಲಿ ನೀರು ಆಗದು, ಕೊಳವೆಯ ತಾಮ್ರ ಅದರಲ್ಲಿ ಚೂರು ಕರಗಿದ್ದರೂ ಹವಳಕ್ಕೆ ವಿಷ. ಆದ್ದರಿಂದ ಮೊದಲು ನೀರಿನಿಂದ ಇದ್ದಬದ್ದದ್ದನ್ನೆಲ್ಲ ಸೋಸಿ ತೆಗೆಯುವ ಯಂತ್ರ, ಆಮೇಲೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು. ವಾರಕ್ಕೆ ಹದಿನೈದು ಲೀಟರ್ ಬದಲಾಯಿಸಿದರೂ ಅರ್ಧ ಕಿಲೋ ಉಪ್ಪು ಖರ್ಚು. 1930ರಲ್ಲಿ ನಮ್ಮ ಪಕ್ಕದ ಅಂಕೋಲೆಯ ಜನ ಉಪ್ಪಿನ ಮೇಲಿನ ತೆರಿಗೆ ಒಪ್ಪದೆ ಸತ್ಯಾಗ್ರಹ ಹೂಡಿದ್ದರು. ಅದೇ ಜಿಲ್ಲೆಯವನು ಈಗ ಬಕೆಟ್ಟುಗಟ್ಟಲೆ ಉಪ್ಪನ್ನು ಮಾರಾಟ ತೆರಿಗೆ ಸಮೇತ ಕೊಂಡು ಕಾರಿನ ಡಿಕ್ಕಿಯಲ್ಲಿ ತರುತ್ತಾನೆ.

ಮೀನು ಮಾತ್ರ ಸಾಕಿಕೊಂಡು ಇದ್ದಿದ್ದರೆ ಏನೂ ತೊಂದರೆ ಇರಲಿಲ್ಲ. ಹವಳದ ತುಂಡುಗಳ ಸಂತೆ ಎಂದು ಒಂದು ಭಾನುವಾರ ಸ್ನೇಹಿತ ಕರೆದುಕೊಂಡು ಹೋದ. ಹೋಟೆಲಿನ ಹಾಲ್‌ನಲ್ಲಿ ಸಾಲುಸಾಲು ತಟ್ಟೆಗಳು, ಕತ್ತಲು ಮಾಡಿ ನೀಲಿ ದೀಪ. ಆ ದೀಪದಲ್ಲಿ ಸತ್ತವರೂ ಹೊಳೆಯುತ್ತಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಒಂದು ರೂಪಾಯಿ ನಾಣ್ಯದಷ್ಟು ಅಗಲದ ತುಂಡು, ಮೈ ನೀಲಿ, ಮೈತುಂಬ ಕೆಂಪು ಚುಕ್ಕಿ. 'ಸೂಪರ್‌ಮ್ಯಾನ್ ಮೊಂಟಿಪೊರಾ' ಎಂದ ಮಾರುವವ. ಮೊಂಟಿಪೊರಾ ಶಾಸ್ತ್ರದ ಹೆಸರು; ಸೂಪರ್‌ಮ್ಯಾನ್ ಎಂಬುದು ಬಟ್ಟೆಯ ಬಣ್ಣ ನೋಡಿ ವ್ಯಾಪಾರಿಗಳಿಟ್ಟದ್ದು. ಕೊಂಬೆ ಕೊಂಬೆಯಾಗಿ ಮೇಲೇಳುವ ಹವಳ ಬೇರೆ, ಇದರ ಸ್ವಭಾವ ಬೇರೆ. ಕಾವಲಿಗೆ ಹುಯ್ದ ನೀರುದೋಸೆಯಂತೆ ಕಲ್ಲಿಗೇ ಅಂಟಿ ಸುತ್ತ ಹರಡಿಕೊಳ್ಳುತ್ತದೆ. 'ತುಂಬ ಸುಲಭ, ಏನೂ ಮಾಡಬೇಕಾಗಿಲ್ಲ' ಎಂದ ಪುಣ್ಯಾತ್ಮ. ನಲವತ್ತು ಡಾಲರ್ ಕೊಟ್ಟೆ. ಏನೂ ಮಾಡದೇ ಇರುವುದು ನನ್ನ ಕೈಲಿ ಆಗದ ಕೆಲಸ ಎಂಬುದು ಅವನಿಗೆ ಹೇಗೆ ತಿಳಿಯಬೇಕು?

ಮನೆಗೆ ತಂದು ಮೊದಲು ಔಷಧದ ನೀರಿನಲ್ಲಿ ಅದ್ದಿದೆ. ಮೊಂಟಿಪೊರಾವನ್ನೇ ತಿಂದು ಬದುಕುವ, ಎಳ್ಳಿಗಿಂತ ದೊಡ್ಡದಲ್ಲದ ಒಂದು ಬಿಳಿ ಹುಳ ಇದೆ; ಅದ್ದಿದರೆ ಹುಳ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ, ಹಾಗಾಗಿ ವಾರಕ್ಕೊಮ್ಮೆ ಮತ್ತೆ ಅದ್ದಬೇಕು. ಇಷ್ಟು ಸರಿಯಾಗಿಯೇ ಮಾಡಿದೆ. ಆಮೇಲೆ ಅದನ್ನು ಕಲ್ಲಿಗೆ ಅಂಟಿಸುವ ಶುಭಕಾರ್ಯ. ಸೂಪರ್‌ಗ್ಲೂ ಜೆಲ್ ಹವಳಕ್ಕೆ ಏನೂ ಮಾಡುವುದಿಲ್ಲ, ನೀರು ತಾಗಿದ ಕೂಡಲೇ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಅದು ಕಲ್ಲು ಯಾವುದು, ಹೆಬ್ಬೆರಳು ಯಾವುದು ಎಂದು ನೋಡುವುದಿಲ್ಲ.

ಭುಜದವರೆಗೆ ತೋಳು ನೀರಿನಲ್ಲಿ, ಕೆನ್ನೆ ಗಾಜಿಗೆ ಒತ್ತಿಕೊಂಡು ಎರಡು ನಿಮಿಷ ಒತ್ತಿ ಹಿಡಿದೆ. ಬಿಟ್ಟೆ. ನಾನು ಬಿಟ್ಟರೂ ಅದು ಬಿಡಲಿಲ್ಲ. ಕೈ ಮೇಲೆತ್ತಿದರೆ ಸೂಪರ್‌ಮ್ಯಾನ್ ನನ್ನ ಹೆಬ್ಬೆರಳಿನ ಮೇಲೆ ವಿರಾಜಮಾನನಾಗಿ ಜೊತೆಗೇ ಹಾರಿ ಬಂದ. ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್. ಅಲ್ಲಿ ಬೆಳಿಗ್ಗೆ ಎಂಟೂವರೆ, ತಿಂಡಿ ಮುಗಿಸಿ ಮಗನನ್ನು ವಿಚಾರಿಸುವ ಹೊತ್ತು. ಎಡಗೈಯಲ್ಲಿ ಫೋನ್ ಹಿಡಿದು, ಬಲಗೈ ಹೆಬ್ಬೆರಳನ್ನು ಉಪ್ಪು ನೀರಿನ ಲೋಟದಲ್ಲಿ ಅದ್ದಿಕೊಂಡು ಮಾತಾಡಿದೆ.

'ಬೆರಳಿಗೆ ಏನಾಯ್ತೋ?'

'ಏನಿಲ್ಲ, ಹವಳ.'

ಅಮ್ಮನ ಮುಖ ಅರಳಿತು. 'ಅಂತೂ ಹಾಕಿಸಿಕೊಂಡ್ಯಲ್ಲ! ಆದ್ರೆ ಆ ಬೆರಳಿಗೆ ಯಾರು ಹಾಕಿದ್ದು ಮಾರಾಯ?'

ಹೆಂಡತಿ ನೇಲ್ ಪಾಲಿಶ್ ತೆಗೆಯುವ ದ್ರಾವಣ ತಂದಳು. ಅದರ ಅಸಿಟೋನಿಗೆ ಗ್ಲೂ ಕರಗುತ್ತದೆ ನಿಜ, ಹವಳವೂ ಸಾಯುತ್ತದೆ. 'ಬೇಡ, ಪಾಪ, ಅದಕ್ಕೆ ನೋವಾಗುತ್ತೆ' ಎಂದೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಇಂಥ ದನಿಯಲ್ಲಿ ನನ್ನ ಬಗ್ಗೆ ಒಂದು ಸಲವೂ ಮಾತಾಡಲಿಲ್ಲ ಎಂದು ಅವಳು ಆ ಬಾಟಲಿಯನ್ನು ಅಲ್ಲೇ ಇಟ್ಟು ಮಲಗಲು ಹೋದಳು. ಹಲ್ಲು ಕಚ್ಚಿ ಎಳೆದೆ. ಹವಳ ಬಂತು, ಜೊತೆಗೆ ನನ್ನ ಚರ್ಮವೂ ಬಂತು. ಆ ಚರ್ಮದ ಸಮೇತ, ಹೊಸ ಗ್ಲೂ ಹಾಕಿ, ಇಕ್ಕಳದಲ್ಲಿ ಹಿಡಿದು ಕಲ್ಲಿಗೆ ಅಂಟಿಸಿದೆ. ಹವಳದ ದಿಬ್ಬಗಳು ಹೇಗೆ ಹುಟ್ಟಿದವು ಎಂದು 1842ರಲ್ಲೇ ಚಾರ್ಲ್ಸ್ ಡಾರ್ವಿನ್ ಒಂದು ಇಡೀ ಪುಸ್ತಕ ಬರೆದಿದ್ದಾನೆ. ಮುಳುಗುವ ಜ್ವಾಲಾಮುಖಿಗಳ ತುದಿಯಲ್ಲಿ ಅವು ಬೆಳೆಯುತ್ತವೆ ಎಂಬುದು ಅವನ ವಾದ. ನಮ್ಮ ಮನೆಯದು ಮಾತ್ರ ಹೆಬ್ಬೆರಳಿನ ಮೇಲೆ ಶುರುವಾದದ್ದು.

ಎರಡು ವಾರಕ್ಕೆ ನೀಲಿ ಮಾಸಿ ಕಂದಾಯಿತು. ಸೂಪರ್‌ಮ್ಯಾನ್ ಹೋಗಿ ಪೋಸ್ಟ್‌ಮ್ಯಾನ್ ಬಂದು ಕುಳಿತ ಹಾಗೆ, ಪೂರ್ತಿ ಖಾಕಿ. ಇದಕ್ಕೆ ಕಾರಣ ಇದೆ. ಆ ಒಂದೊಂದು ಕೆಂಪು ಚುಕ್ಕಿಯೂ ಒಂದೊಂದು ಪ್ರಾಣಿಯ ಬಾಯಿ. ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿದೆ. ಪಾಚಿ ಬೆಳಕಿನಲ್ಲಿ ಸಕ್ಕರೆ ಮಾಡಿ ಬಾಡಿಗೆ ಕಟ್ಟುತ್ತದೆ, ಪ್ರಾಣಿ ಕೆಳಗೆ ಸುಣ್ಣದ ಕಲ್ಲಿನಲ್ಲಿ ಮನೆ ಕಟ್ಟುತ್ತದೆ. ಕಲ್ಲೋ, ಗಿಡವೋ, ಪ್ರಾಣಿಯೋ ಎಂದು ಅಮ್ಮ ಕೇಳಿದಾಗ ಮೂರೂ ಹೌದು ಎಂದಿದ್ದೆ. ತಲೆಹರಟೆ ಎಂದು ಬೈದಿದ್ದಳು. ಬೆಳಕು ಸಾಲದಿದ್ದರೆ ಸಿಕ್ಕಷ್ಟನ್ನು ಹಿಡಿದಿಡಲು ಬಾಡಿಗೆದಾರರ ಸಂಖ್ಯೆ ಹೆಚ್ಚುತ್ತದೆ, ಅವರ ಕಂದುಬಣ್ಣ ಮೇಲೆ ಕಾಣುತ್ತದೆ. ಸರಿ, ಕಲ್ಲನ್ನೆತ್ತಿ ದೀಪದ ಬುಡಕ್ಕೇ ಇಟ್ಟೆ. ಬೆಳಕು ಅತಿಯಾದರೆ ಪ್ರಾಣಿ ಆ ಬಾಡಿಗೆದಾರರನ್ನು ಹೊರಗೆ ಹಾಕುತ್ತದೆ. ನಾಲ್ಕೇ ದಿನಕ್ಕೆ ತುಂಡು ಬಿಳಿಚಿಕೊಂಡಿತು. ಖಾಕಿ ಹೋಗಿ ಖಾದಿ ಬಂತು. ಗಾಬರಿಯಾಗಿ ಕೆಳಗಿಳಿಸಿದೆ. ಅಲ್ಲಿ ನೀರಿನ ಸೆಳೆತ ಕಡಿಮೆ ಅನ್ನಿಸಿ ಎಡಕ್ಕೆ, ಎಡಕ್ಕೆ ಸೆಳೆತ ಜಾಸ್ತಿ ಅನ್ನಿಸಿ ಬಲಕ್ಕೆ. ಹದಿನೈದು ದಿನದಲ್ಲಿ ಒಂಬತ್ತು ವರ್ಗಾವಣೆ. ಯಾವ ಪ್ರಾಮಾಣಿಕ ಅಧಿಕಾರಿಗೂ ಯಾವ ಸರ್ಕಾರವೂ ಈ ಗತಿ ತಂದಿರಲಾರದು.

ಇಷ್ಟಕ್ಕೇ ನಿಲ್ಲಿಸಿದ್ದರೂ ಅದು ಬದುಕಿಕೊಳ್ಳುತ್ತಿತ್ತೇನೋ. ಆದರೆ ನನಗೆ ಪರೀಕ್ಷೆ ಮಾಡುವ ಚಟ ಹತ್ತಿತು. ನನ್ನ ಕೊಲೆಸ್ಟರಾಲ್ ಎಷ್ಟು ಎಂದು ಡಾಕ್ಟರು ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ತೊಟ್ಟಿಯ ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300 ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ. ಇವೆರಡಕ್ಕಿಂತ ಮುಖ್ಯವಾದದ್ದು ಆಲ್ಕಲಿನಿಟಿ. ಹವಳ ಕಲ್ಲು ಕಟ್ಟಲು ನೀರಿನಿಂದ ತೆಗೆದುಕೊಳ್ಳುವ ಕಾರ್ಬೊನೇಟಿನ ಲೆಕ್ಕ ಅದು. ಎಂಟು ಒಂಬತ್ತರ ಆಸುಪಾಸು ಇರಬೇಕು. ಎಷ್ಟಿದೆ ಎಂಬುದಕ್ಕಿಂತಲೂ ಅಲ್ಲಾಡದೆ ಇರಬೇಕು.

ಪರೀಕ್ಷೆಯ ವಿಧಾನ ಹೀಗೆ. ಪುಟ್ಟ ಶೀಶೆಯಲ್ಲಿ ತೊಟ್ಟಿಯ ನೀರು, ಅದಕ್ಕೆ ಬಣ್ಣದ ಹನಿ, ಆಮೇಲೆ ಒಂದು ಮಿಲಿಲೀಟರಿನ ಸಿರಿಂಜಿನಿಂದ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ, ನೀಲಿ ನೀರು ಗುಲಾಬಿ ಆಗುವ ಗಳಿಗೆಯಲ್ಲಿ ನಿಲ್ಲಿಸಬೇಕು. ಸಿರಿಂಜಿನಲ್ಲಿ ಎಷ್ಟು ಉಳಿದಿದೆ ಎಂದು ಓದಿ ಪಟ್ಟಿಯಲ್ಲಿ ನೋಡಬೇಕು. ಉಳಿದದ್ದನ್ನು. ನಾನು ಓದಿದ್ದು ಖರ್ಚಾದದ್ದನ್ನು. ಉಳಿದದ್ದು 0.42, ಅಂದರೆ ಆಲ್ಕಲಿನಿಟಿ 9.3, ಹವಳ ಹಾಡುತ್ತ ಇರಬೇಕಾದ ನೀರು. ನಾನು 0.58 ಎಂದು ಬರೆದುಕೊಂಡು ಪಟ್ಟಿ ನೋಡಿದೆ: 6.7. ಎದೆ ಧಸಕ್ಕೆಂದಿತು. ಪಾಪ, ಕೂಸಿಗೆ ಊಟವೇ ಇಲ್ಲ!

ಅಡುಗೆ ಮನೆಗೆ ಓಡಿದೆ. ಆಲ್ಕಲಿನಿಟಿ ಏರಿಸಲು ಅಡುಗೆ ಸೋಡಾ ಸಾಕು, ಇದು ತಮಾಷೆಯಲ್ಲ, ಹವಳ ಸಾಕುವವರು ನಿಜಕ್ಕೂ ಬಳಸುವುದು ಅದನ್ನೇ. ಲೆಕ್ಕ ಹಾಕಿದರೆ ನನ್ನ ತೊಟ್ಟಿಗೆ ಎರಡು ಚಮಚ. ಆ ಲೆಕ್ಕ ಮಾತ್ರ ಕರಾರುವಾಕ್ಕಾಗಿತ್ತು, ಇಂಜಿನಿಯರ್ ಅಲ್ಲವೇ. ದಿನಕ್ಕೆ ಒಂದು ಅಂಶಕ್ಕಿಂತ ಹೆಚ್ಚು ಏರಿಸಬಾರದು ಎಂದು ಓದಿದ್ದೆ. ಆದರೆ ಹಸಿದ ಮಗುವಿಗೆ ಕಂತಿನಲ್ಲಿ ಹಾಲು ಕುಡಿಸುತ್ತಾರೆಯೇ? ಎರಡೂ ಚಮಚ ಒಂದೇ ಸಲ ಕರಗಿಸಿ ಸುರಿದೆ. ಮಿಕ್ಕಿದ್ದನ್ನು ಹೆಂಡತಿ ಮರುದಿನದ ಇಡ್ಲಿ ಹಿಟ್ಟಿಗೆ ಹಾಕಿದಳು. ಬೆಳಿಗ್ಗೆ ಇಡ್ಲಿ ಉಬ್ಬಿತ್ತು. ಹವಳದ ಅಂಚಿನ ಸುತ್ತ ಮಾಂಸ ಸುಟ್ಟು ಹಿಂದೆ ಸರಿದು ಬಿಳಿ ಎಲುಬು ಕಾಣುತ್ತಿತ್ತು. ನಾಣ್ಯದಷ್ಟಿದ್ದದ್ದು ಅಂಗಿ ಗುಂಡಿಯಷ್ಟಾಗಿತ್ತು.

ಸಿರಿಂಜಿನ ರಹಸ್ಯ ಗೊತ್ತಾದದ್ದು ಐದನೇ ತರಗತಿಯ ಮಗಳಿಂದ. 'ಅಪ್ಪ, ಇಲ್ಲಿ ಉಳಿದದ್ದು ಅಂತ ಬರೆದಿದೆಯಲ್ಲ?' ಎಂದಳು. ಅವಳನ್ನು ಮಲಗಲು ಕಳಿಸಿದೆ. ಮಧ್ಯಾಹ್ನ ಮೂರು ಗಂಟೆಯಾಗಿತ್ತು.

ಅಮ್ಮ ಬಂದದ್ದು ಆಗಲೇ, ಆರು ತಿಂಗಳ ವೀಸಾ, ಎರಡು ಸೂಟ್‌ಕೇಸು, ಅಪ್ಪೆಮಿಡಿ ಉಪ್ಪಿನಕಾಯಿ. ಹಾಲ್‌ನಲ್ಲಿ ನೀಲಿ ದೀಪ ಉರಿಯುತ್ತಿದ್ದುದನ್ನು ಕಂಡು, ಹಳೇ ಪೌರಾಣಿಕ ಸಿನಿಮಾದ ಕೈಲಾಸದ ಹಾಗಿದೆ ಎಂದಳು. ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಎರಡು ದಿನ ಮಾತಾಡದೆ ನೋಡಿದಳು. ನೋಡಿದ್ದು ಹವಳವನ್ನಲ್ಲ, ನನ್ನನ್ನು. ಆಫೀಸ್ ಮೀಟಿಂಗಿನ ನಡುವೆ ಎದ್ದು ಬಂದು ಕಲ್ಲು ತಿರುಗಿಸುವುದು, ದೀಪದ ಎತ್ತರ ಬದಲಿಸುವುದು, ಪಂಪಿನ ಮೂತಿ ಹೊರಳಿಸುವುದು, ರಾತ್ರಿ ಟಾರ್ಚ್ ಹಿಡಿದು ಇಣುಕುವುದು. ಮೂರನೇ ದಿನ ಕೇಳಿದಳು:

'ಹೆಪ್ಪು ಹಾಕಿದ ಪಾತ್ರೇನ ಅರ್ಧರ್ಧ ಗಂಟೆಗೆ ಅಲ್ಲಾಡಿಸಿ ನೋಡಿದ್ರೆ ಮೊಸರಾಗ್ತದೇನೋ?'

ಉತ್ತರ ಹೊಳೆಯಲಿಲ್ಲ. ನೂರಾರು ಡಾಲರಿನ ಪುಸ್ತಕ, ಮೀಟರು, ಆ್ಯಪುಗಳಲ್ಲಿ ಎಲ್ಲೂ ಸಿಗದಿದ್ದ ಮಾತು. ಅವತ್ತಿನಿಂದ ತೊಟ್ಟಿಗೆ ಕಾವಲು ಬಂತು. ಅಮ್ಮ ಮಧ್ಯಾಹ್ನದ ಧಾರಾವಾಹಿಯನ್ನು ಫೋನಿನಲ್ಲಿ ನೋಡುತ್ತ ಅಲ್ಲೇ ಕೂರುತ್ತಿದ್ದಳು. ನಾನು ಹತ್ತಿರ ಸುಳಿದರೆ ಕಣ್ಣೆತ್ತದೆಯೇ 'ಕೈ ತೆಗಿ' ಎನ್ನುತ್ತಿದ್ದಳು. ಉಪ್ಪು ನೀರು ಬದಲಿಸಲು ಶನಿವಾರ ಒಂದು ಗಂಟೆ ಅನುಮತಿ. ಕಲ್ಲು ಮುಟ್ಟುವ ಹಾಗಿಲ್ಲ.

ಐದನೇ ವಾರ ಅವಳೇ ಕರೆದು ತೋರಿಸಿದಳು. ಸುಟ್ಟ ಎಲುಬಿನ ಮೇಲೆ ಕೂದಲೆಳೆಯಷ್ಟು ಅಗಲದ ತಿಳಿನೀಲಿ ಅಂಚು, ಇಳಕಲ್ ಸೀರೆಗೆ ಬಾರ್ಡರ್ ಹೊಲಿದ ಹಾಗೆ. ಅಂಚಿನ ಹಿಂದೆ ಸಾಸಿವೆಗಿಂತ ಚಿಕ್ಕ ಕೆಂಪು ಬಾಯಿಗಳು ತೆರೆದಿದ್ದವು. ಭೂತಗನ್ನಡಿ ಹಿಡಿದು ಎಣಿಸಿದೆ, ಹನ್ನೊಂದು. ಅಮ್ಮ ಹದಿಮೂರು ಎಂದಳು. ಅವಳಿಗೆ ಪೊರೆ ಆಪರೇಷನ್ ಆಗಿದೆ, ಅವಳದೇ ಸರಿ ಇರಬಹುದು. ಹತ್ತನೇ ವಾರಕ್ಕೆ ಗ್ಲೂವನ್ನೂ, ಅದರೊಳಗಿದ್ದ ನನ್ನ ಚರ್ಮವನ್ನೂ ಮುಚ್ಚಿಕೊಂಡು ಅದು ಕಲ್ಲಿಗಿಳಿದಿತ್ತು.

ಬೆಳೆಯತೊಡಗಿದ ಮೇಲೆ ಹಸಿವೂ ಬೆಳೆಯಿತು. ದಿನದಿನಕ್ಕೂ ಆಲ್ಕಲಿನಿಟಿ ಇಳಿಯುವುದು ಈಗ ಪಟ್ಟಿಯಲ್ಲೂ ಕಂಡಿತು, ಮಗಳು ಓದಿ ದೃಢಪಡಿಸಿದಳು. ಕಾಲ್ಕ್‌ವಾಸರ್ ಹಾಕಬೇಕು ಎಂದು ಒಂದು ಡಬ್ಬಿ ತರಿಸಿದೆ. ಬಿಳಿ ಪುಡಿ. ಅಮ್ಮ ಮುಚ್ಚಳ ತೆಗೆದು ಮೂಸಿ, ಎರಡು ಬೆರಳಲ್ಲಿ ಉಜ್ಜಿ ನೋಡಿ, 'ಇದು ಸುಣ್ಣ ಅಲ್ವೇನೋ?' ಎಂದಳು. ಸುಣ್ಣವೇ. ಕಾಲ್ಕ್‌ವಾಸರ್ ಎಂದರೆ ಜರ್ಮನ್ ಭಾಷೆಯಲ್ಲಿ ಸುಣ್ಣದ ನೀರು, ಮತ್ತೇನಲ್ಲ. ಅಘನಾಶಿನಿ ಕಡೆಯ ಚಿಪ್ಪಿನ ಸುಣ್ಣವನ್ನು ಎಲೆಗೆ ಹಚ್ಚಿಕೊಂಡು ಬೆಳೆದ ಮನೆತನದ ಕುಡಿ ಡಾಲರ್ ಕೊಟ್ಟು ಸುಣ್ಣ ತರಿಸಿದ್ದನ್ನು ಅವಳು ಊರಿಗೆಲ್ಲ ಫೋನ್ ಮಾಡಿ ಹೇಳಿದಳು. ಆದರೆ ಡಬ್ಬಿಯ ಮೇಲಿನ ಸೂಚನೆಯನ್ನು ನಾನು ಓದಿ ಮುಗಿಸುವ ಮೊದಲೇ ಅವಳು ಎಲ್ಲವನ್ನೂ ಹೇಳಿ ಮುಗಿಸಿದ್ದಳು: ಕಲಕಿ ಬಿಡು, ತಳ ಕೂರಲಿ, ಮೇಲಿನ ತಿಳಿ ಮಾತ್ರ ತಗೋ, ಗಸಿ ಬೇಡ, ಬಾಯಿ ಮುಚ್ಚಿಡು, ಇಲ್ಲಾಂದ್ರೆ ಕೆನೆ ಕಟ್ಟುತ್ತದೆ. ಅಕ್ಷರಶಃ ಅದೇ. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿದರೆ ಮೇಲೆ ಪೊರೆ ಕಟ್ಟುತ್ತದೆ ಎಂದು ಸೂಚನೆಯ ಕೊನೆಯ ಸಾಲಿನಲ್ಲಿತ್ತು. ಆ ತಿಳಿಯ ಪಿಎಚ್ ಹನ್ನೆರಡು ದಾಟುತ್ತದೆ, ಆದ್ದರಿಂದ ರಾತ್ರಿ ಹೊತ್ತು ಹನಿಹನಿಯಾಗಿ ಬಿಡಬೇಕು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಸುಣ್ಣ ಸಿಕ್ಕಿದವರಿಗೇ ಹೆಚ್ಚು ಮುದ್ದು ಎಂಬುದು ಹೆಂಡತಿಯ ಅಭಿಪ್ರಾಯ.

ಅಮ್ಮ ವಾಪಸು ಹೋದಳು. ವರ್ಷ ತುಂಬುವಾಗ ಹವಳ ಅಂಗೈಯಗಲವಾಗಿತ್ತು. ಎರಡನೇ ವರ್ಷ ಕಲ್ಲು ಪೂರ್ತಿ ಅದರದ್ದು. ಇಂಗ್ಲಿಷಿನವರು ಈ ಜಾತಿಗೆ ಏನೋ ಹೆಸರಿಟ್ಟಿದ್ದಾರೆ; ಬೆಂಗಳೂರಿನಲ್ಲಿ ನಾಲ್ಕು ವರ್ಷ ಇದ್ದವನಿಗೆ ಸರಿಯಾದ ಪದ ಗೊತ್ತು: ಒತ್ತುವರಿ. ಮೊದಲು ಖರಾಬು ಜಾಗ, ಆಮೇಲೆ ನೀರು ಹರಿಯುವ ಸಂದು, ಆಮೇಲೆ ಪಕ್ಕದವರ ಸೈಟು. ಬಲಗಡೆ ಗುಂಡಿಗುಂಡಿಯಾಗಿ ಅರಳುತ್ತಿದ್ದ ಹಸಿರು ಝೋವಾಂತಿಡ್ ಸಂಸಾರದ ಮೇಲೆ ಅಂಚನ್ನು ಚಾಚಿ ಬಿಸಿಲು ಮರೆಮಾಡಿತು. ಎಡಗಡೆಯ ಟಾರ್ಚ್ ಹವಳ ಮಾತ್ರ ಗಟ್ಟಿಗ. ಕುಟುಕುವ ಉದ್ದ ಬಾಲಗಳನ್ನು ರಾತ್ರಿ ಬೀಸಿ ಸೂಪರ್‌ಮ್ಯಾನಿಗೆ ಎರಡು ಬರೆ ಎಳೆಯಿತು. ಆ ದಿಕ್ಕಿನಲ್ಲಿ ಇವನು ಇಂದಿಗೂ ಒಂದು ಬೆರಳು ಜಾಗ ಬಿಟ್ಟೇ ನಡೆಯುತ್ತಾನೆ.

ತೆರವು ಕಾರ್ಯಾಚರಣೆಗೆ ನಾನೇ ಇಳಿದೆ. ಉಳಿ, ಸುತ್ತಿಗೆ. ಅಮ್ಮ ಇದ್ದಿದ್ದರೆ 'ಕೈ ತೆಗಿ' ಎನ್ನುತ್ತಿದ್ದಳು. ಕಲ್ಲನ್ನು ಹೊರಗೆ ತೆಗೆದು ಮಾಡಬೇಕಾದ ಕೆಲಸವನ್ನು ಸೋಮಾರಿತನಕ್ಕೆ ನೀರಿನೊಳಗೇ ಮಾಡಿದೆ. ಕುಟ್ಟಿದ ಹಾಗೆಲ್ಲ ಚೂರು ಸಿಡಿದು ಪಂಪಿನ ಸೆಳೆತಕ್ಕೆ ಸಿಕ್ಕಿ ತೊಟ್ಟಿಯ ಮೂಲೆ ಮೂಲೆಗೂ ಹಾರಿತು. ಈ ಜಾತಿಯ ಹವಳ ತುಂಡಾದರೆ ಸಾಯುವುದಿಲ್ಲ, ಬಿದ್ದಲ್ಲೇ ಬೇರೂರುತ್ತದೆ. ರಕ್ತಬೀಜಾಸುರನ ಪ್ರಸಂಗವನ್ನು ಯಕ್ಷಗಾನದಲ್ಲಿ ರಾತ್ರಿಯಿಡೀ ಕೂತು ನೋಡಿದವನು ನಾನು. ದೇವಿ ನಾಲಿಗೆ ಚಾಚದೆ ಕತ್ತಿ ಮಾತ್ರ ಬೀಸಿದ್ದರೆ ಏನಾಗುತ್ತಿತ್ತು ಎಂಬುದು ಈಗ ನಮ್ಮ ಹಾಲ್‌ನಲ್ಲಿ ಇದೆ. ಒಂದು ಚೂರು ಥರ್ಮಾಮೀಟರಿನ ಮೇಲೆ. ಒಂದು ಹಿಂಬದಿಯ ಗಾಜಿನ ಮೇಲೆ. ಒಂದು ಅಲೆ ಎಬ್ಬಿಸುವ ಪಂಪನ್ನು ಗಾಜಿಗೆ ಹಿಡಿದಿಡುವ ಅಯಸ್ಕಾಂತದ ಮೇಲೆ.

ಆ ಪಂಪು ಕಳೆದ ಚಳಿಗಾಲದಲ್ಲಿ ಕೆಟ್ಟಿತು. ಬಿಚ್ಚೋಣವೆಂದರೆ ಅಯಸ್ಕಾಂತ, ಗಾಜು, ಪಂಪು ಮೂರನ್ನೂ ಸೇರಿಸಿ ಸೂಪರ್‌ಮ್ಯಾನ್ ಒಂದೇ ಖಾತೆ ಮಾಡಿಕೊಂಡಿದ್ದಾನೆ. ಎಳೆದರೆ ಹವಳ ಬರುವುದೋ ಗಾಜು ಬರುವುದೋ ಹೇಳಲಾಗದು; ಹೆಬ್ಬೆರಳಿನ ಅನುಭವ ಇದೆ. ಪಕ್ಕದಲ್ಲಿ ಹೊಸ ಪಂಪು ಕೂರಿಸಿದೆ. ಸತ್ತದ್ದು ಅಲ್ಲೇ ಇದೆ, ನೀಲಿ ಅಂಗಿ, ಕೆಂಪು ಚುಕ್ಕಿ ಹಾಕಿಕೊಂಡು.

ಬೆಂಗಳೂರಿನ ತಮ್ಮ ಒಂದು ಚೂರು ತಂದುಕೊಡು ಎಂದು ಕೇಳುತ್ತಿದ್ದಾನೆ. ಆಗದು. ನಮ್ಮ ದೇಶದಲ್ಲಿ ಕಲ್ಲುಹವಳ 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಬರುವಾಗ ಒಂದು ಹುಲಿಮರಿ ಹಿಡ್ಕೊಂಡು ಬಾ ಅಂದ ಹಾಗಾಯಿತು. ಅವನು ನೇತ್ರಾಣಿಗೆ ಹೋಗಿ ನೀರಿಗಿಳಿದು ನೋಡಿಕೊಂಡು ಬರಲಿ, ಕೈ ಮಾತ್ರ ಹಾಕದಿರಲಿ. ಆದರೆ ನ್ಯೂಜೆರ್ಸಿಯಲ್ಲೇ ಇದ್ದು ಉಪ್ಪು ನೀರಿನ ತೊಟ್ಟಿ ಇಟ್ಟುಕೊಂಡಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಸೂಪರ್‌ಮ್ಯಾನ್ ಪುಕ್ಕಟೆ, ಬೇಕಾದಷ್ಟು. ಶನಿವಾರ ಬನ್ನಿ, ಕಾಫಿಯೂ ಇದೆ. ಉಳಿ ನೀವೇ ತನ್ನಿ. ನಮ್ಮದನ್ನು ಹೆಂಡತಿ ಎಲ್ಲೋ ಅಡಗಿಸಿಟ್ಟಿದ್ದಾಳೆ.